ದುಡ್ಡು ಕೈಗೆ ಬಂತು, ಕಲಿಸುವವರು ಯಾರು? ಬ್ರಿಟನ್‌ನ ಅಂಗವಿಕಲ ಭತ್ಯೆಯ ಐವತ್ತು ವರ್ಷ

ತಲೆ ತೊಳೆದುಕೊಳ್ಳಲು ಇನ್ನೊಬ್ಬರು ಬೇಕಾದರೆ 2 ಅಂಕ. ಸೊಂಟದ ಕೆಳಗೆ ತೊಳೆಯಲು ಬೇಕಾದರೂ 2. ಭುಜದಿಂದ ಸೊಂಟದವರೆಗಿನ ಮೈ ತೊಳೆಯಲು ಬೇಕಾದರೆ ಮಾತ್ರ 4. ಬ್ರಿಟನ್‌ನ ಅಂಗವಿಕಲ ಭತ್ಯೆಗೆ ಅರ್ಜಿ ಹಾಕಿದವರನ್ನು ಅಳೆಯುವ ಪಟ್ಟಿ ಇದು. ಭತ್ಯೆಯ ಹೆಸರು ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್, ಎಲ್ಲರೂ ಕರೆಯುವುದು 'ಪಿಪ್' ಎಂದು.

2025ರ ಮಾರ್ಚ್‌ನಲ್ಲಿ ಲೇಬರ್ ಸರ್ಕಾರ ಹೊಸ ಷರತ್ತೊಂದನ್ನು ಮುಂದಿಟ್ಟಿತು. ದಿನನಿತ್ಯದ ಕೆಲಸಗಳ ಭಾಗದಲ್ಲಿ ಒಟ್ಟು 8 ಅಂಕ ಬಂದರೆ ಸಾಲದು, ಯಾವುದಾದರೂ ಒಂದು ಕೆಲಸದಲ್ಲಿ 4 ಅಂಕ ಬರಲೇಬೇಕು ಎಂದಿತು. ಅಂದರೆ ಅಡುಗೆ, ಸ್ನಾನ, ಬಟ್ಟೆ, ಶೌಚ ನಾಲ್ಕರಲ್ಲೂ ತಲಾ 2 ಅಂಕ ಪಡೆದವರು ಹೊರಗೆ. ಸೊಂಟದ ಮೇಲೆ ಸೋಪು ಹಚ್ಚಲು ಸಹಾಯ ಬೇಕಾದವರು, ಒಟ್ಟು 8 ಅಂಕವಿದ್ದರೆ, ಒಳಗೆ. ಸ್ವಂತ ಪಕ್ಷದ ಸಂಸದರೇ ತಿರುಗಿಬಿದ್ದರು. ಜುಲೈ 1ರಂದು ಚರ್ಚೆ ನಡೆಯುತ್ತಿರುವಾಗಲೇ, ಮತದಾನಕ್ಕೆ ಸ್ವಲ್ಪ ಮುಂಚೆ, ಸಚಿವ ಸ್ಟೀಫನ್ ಟಿಮ್ಸ್ ಆ ಷರತ್ತನ್ನು ಕೈಬಿಡುವುದಾಗಿ ಹೇಳಿದರು. ಇಡೀ ಅಳತೆಯನ್ನೇ ಮರುಪರಿಶೀಲಿಸುವ ಕೆಲಸ ಅವರ ಹೆಗಲಿಗೆ ಬಿತ್ತು.

ಆ ಗಲಾಟೆಯಲ್ಲಿ ಅಂಕದ ಬಗ್ಗೆ ಎಲ್ಲರೂ ಮಾತಾಡಿದರು. ತಲೆಗೆ ನೀರು ಹಾಕುವವರ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲಿಲ್ಲ. ಇದು ಇವತ್ತಿನ ಮರೆವಲ್ಲ. ಮೊದಲಿನಿಂದಲೂ ಹೀಗೇ.

1948ರ ಕಾನೂನಿನಿಂದ ಶುರು ಮಾಡೋಣ. ಬ್ರಿಟನ್‌ನ ಸ್ಥಳೀಯ ಕೌನ್ಸಿಲ್‌ಗಳು ಅಂಗವಿಕಲರಿಗೆ ಸೇವೆ ಕೊಡಬಹುದಿತ್ತು, ನಗದು ಕೊಡುವಂತಿರಲಿಲ್ಲ. ಮನೆಗೆ ಕೆಲಸದವರನ್ನು ಕಳಿಸಬಹುದು, ವಸತಿಗೃಹಕ್ಕೆ ಸೇರಿಸಬಹುದು, ಅಷ್ಟೇ. ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಅನ್ನುವುದು ಕೌನ್ಸಿಲ್ ಇಷ್ಟ. 1965ರಲ್ಲಿ ಮೇಗನ್ ಡು ಬ್ವಾಸೋನ್ ಮತ್ತು ಬೆರಿಟ್ ಮೂರ್ ಎಂಬ ಇಬ್ಬರು ಮಹಿಳೆಯರು ಅಂಗವಿಕಲರ ಆದಾಯಕ್ಕಾಗಿಯೇ ಒಂದು ಸಂಘಟನೆ ಕಟ್ಟಿದರು. 1970ರಲ್ಲಿ ಆಲ್ಫ್ ಮಾರಿಸ್ ಎಂಬ ಸಂಸದ ಅಂಗವಿಕಲರಿಗಾಗಿ ತಂದ ಮಸೂದೆ ಕಾನೂನಾಯಿತು. 1971ರ ಕೊನೆಗೆ ಅಟೆಂಡೆನ್ಸ್ ಅಲೋವೆನ್ಸ್ ಬಂತು. ಇನ್ನೊಬ್ಬರ ಆರೈಕೆ ಬೇಕಾದವರಿಗೆ ಸರ್ಕಾರವೇ ನೇರವಾಗಿ ಕೊಡುವ ಹಣ, ಲೆಕ್ಕ ಒಪ್ಪಿಸಬೇಕಾಗಿಲ್ಲ.

ಮನೆಯಲ್ಲಿ ನೋಡಿಕೊಳ್ಳುವವರಿಗೆ 1976ರಲ್ಲಿ ಬೇರೆ ಭತ್ಯೆ ಬಂತು. ಅದು ಮದುವೆಯಾದ ಹೆಂಗಸರಿಗೆ ಸಿಗುತ್ತಿರಲಿಲ್ಲ! ಅವರು ಹೇಗೂ ಮನೆಯಲ್ಲೇ ಇರುತ್ತಾರಲ್ಲ ಅನ್ನುವ ಲೆಕ್ಕಾಚಾರ. 1986ರಲ್ಲಿ ಯುರೋಪಿಯನ್ ನ್ಯಾಯಾಲಯದವರೆಗೂ ಹೋಗಿ ಆ ನಿಯಮ ತೆಗೆಸಬೇಕಾಯಿತು. ಆರೈಕೆ ಅನ್ನುವುದು ಕಲಿತು ಮಾಡುವ ಕೆಲಸವಲ್ಲ, ತಾನಾಗಿಯೇ ಬರುವ ಗುಣ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ ಅನಿಸುತ್ತದೆ.

ನಿಜವಾದ ತಿರುವು ಬಂದದ್ದು ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಿಂದ. ಅಲ್ಲಿ ಲೆ ಕೋರ್ಟ್ ಎಂಬ ಅಂಗವಿಕಲರ ವಸತಿಗೃಹ. ಎಷ್ಟು ಗಂಟೆಗೆ ಮಲಗಬೇಕು ಅನ್ನುವಂಥ ವಿಷಯಕ್ಕೂ ಅಲ್ಲಿನ ನಿವಾಸಿಗಳು ಆಡಳಿತದವರ ಜೊತೆ ಜಗಳವಾಡಬೇಕಿತ್ತು. ಅಲ್ಲಿ ಬದುಕಿದ್ದ ಪಾಲ್ ಹಂಟ್ 1972ರಲ್ಲಿ ಗಾರ್ಡಿಯನ್ ಪತ್ರಿಕೆಗೆ ಪತ್ರ ಬರೆದು, ನಮ್ಮಂಥವರೆಲ್ಲ ಒಟ್ಟಾಗೋಣ ಎಂದು ಕರೆದರು. ಕೆಲವು ವರ್ಷಗಳ ನಂತರ ಅದೇ ಲೆ ಕೋರ್ಟ್‌ನ ಜಾನ್ ಇವಾನ್ಸ್ ಮತ್ತು ಗೆಳೆಯರು 'ಪ್ರಾಜೆಕ್ಟ್ 81' ಶುರು ಮಾಡಿದರು. 1981 ಅಂತರರಾಷ್ಟ್ರೀಯ ಅಂಗವಿಕಲರ ವರ್ಷವಾಗಿದ್ದರಿಂದ ಆ ಹೆಸರು. ಅವರ ವಾದ ಸರಳ: ನಮ್ಮನ್ನು ಇಲ್ಲಿ ಇಟ್ಟುಕೊಳ್ಳಲು ಖರ್ಚು ಮಾಡುವ ದುಡ್ಡನ್ನು ನಮಗೇ ಕೊಡಿ. ನಾವೇ ಮನೆ ಮಾಡಿಕೊಂಡು, ನಾವೇ ಸಹಾಯಕರನ್ನು ಇಟ್ಟುಕೊಳ್ಳುತ್ತೇವೆ. ನಗದು ಕೊಡಲು ಕಾನೂನು ಬಿಡುವುದಿಲ್ಲ, ಅಲ್ವಾ? ಅದಕ್ಕೆ ಕೌನ್ಸಿಲ್ ಹಣವನ್ನು ನಡುವಿನ ಸಂಸ್ಥೆಯೊಂದರ ಮೂಲಕ ದಾಟಿಸಿತು. ಸುತ್ತುದಾರಿ, ಆದರೆ ಕೆಲಸವಾಯಿತು.

ತರಬೇತಿಯ ಪ್ರಶ್ನೆ ಹುಟ್ಟಿದ್ದೂ ಇಲ್ಲೇ. ಈ ಚಳವಳಿಯವರಿಗೆ 'ತರಬೇತಿ ಪಡೆದವರು' ಅಂದರೆ ಅಷ್ಟಕ್ಕಷ್ಟೆ. ವಸತಿಗೃಹಗಳಲ್ಲಿ ತಮ್ಮ ಮೇಲೆ ಅಧಿಕಾರ ನಡೆಸಿದವರೆಲ್ಲ ತರಬೇತಿ ಪಡೆದವರೇ ಆಗಿದ್ದರು. ನನ್ನ ಮೈ ನನಗೆ ಗೊತ್ತು, ಹೇಗೆ ಎತ್ತಬೇಕು, ಹೇಗೆ ತೊಳೆಯಬೇಕು ಎಂದು ನಾನೇ ಹೇಳಿಕೊಡುತ್ತೇನೆ ಎನ್ನುತ್ತಿದ್ದರು. ಈ ಮಾತಿನಲ್ಲಿ ನ್ಯಾಯವಿತ್ತು, ಈಗಲೂ ಇದೆ. ಆದರೆ ಸರ್ಕಾರಕ್ಕೆ ಅದೇ ಅನುಕೂಲವೂ ಆಯಿತು. ಅವರೇ ಕಲಿಸಿಕೊಳ್ಳುತ್ತಾರಂತೆ, ನಾವ್ಯಾಕೆ ಖರ್ಚು ಮಾಡಬೇಕು ಎಂದು ಸುಮ್ನೆ ಕುಳಿತುಬಿಟ್ಟಿತು.

1988ರಲ್ಲಿ ಇಂಡಿಪೆಂಡೆಂಟ್ ಲಿವಿಂಗ್ ಫಂಡ್ ಬಂತು. ಹೆಚ್ಚು ಅಂಗವೈಕಲ್ಯ ಇರುವವರು ಸಹಾಯಕರಿಗೆ ಸಂಬಳ ಕೊಡಲೆಂದೇ ಇದ್ದ ನಿಧಿ. ಕೆಲವೇ ನೂರು ಜನ ಬಂದಾರು ಅಂದುಕೊಂಡಿದ್ದರು, ಸಾವಿರಾರು ಜನ ಬಂದರು. 1992ರಲ್ಲಿ ಡಿಸೆಬಿಲಿಟಿ ಲಿವಿಂಗ್ ಅಲೋವೆನ್ಸ್ ಬಂತು. 1996ರ ಡೈರೆಕ್ಟ್ ಪೇಮೆಂಟ್ಸ್ ಕಾಯ್ದೆ ಕೊನೆಗೂ ಕೌನ್ಸಿಲ್‌ಗಳು ನಗದು ಕೊಡಬಾರದೆಂಬ ನಿಷೇಧವನ್ನು ತೆಗೆಯಿತು. ಮೊದಲು 65 ದಾಟದವರಿಗೆ ಮಾತ್ರ, 2000ದಿಂದ ಹಿರಿಯರಿಗೂ.

ಹೀಗೆ ಸಾವಿರಾರು ಅಂಗವಿಕಲರು ರಾತ್ರೋರಾತ್ರಿ ಮಾಲೀಕರಾದರು. ಸಂಬಳದ ಚೀಟಿ, ತೆರಿಗೆ, ರಜೆಯ ದುಡ್ಡು, ವಿಮೆ, ಆಮೇಲಾಮೇಲೆ ಪಿಂಚಣಿ ಕಂತು, ಎಲ್ಲವೂ ಅವರ ತಲೆಗೆ ಬಂತು. ಮನೆಯಲ್ಲಿ ಒಬ್ಬರೇ ಕೆಲಸದವರು ಇದ್ದರೂ ಕಾನೂನಿನ ಕಣ್ಣಿಗೆ ಅದು ಉದ್ಯೋಗ.

ಈಗ ಒಂದು ಬೆಳಗ್ಗೆಯನ್ನು ನೋಡಿ. ಹಾಸಿಗೆಯಿಂದ ಗಾಲಿಕುರ್ಚಿಗೆ ಹೋಗಲು ಹಾಯ್ಸ್ಟ್, ಅಂದರೆ ಎತ್ತುವ ಯಂತ್ರ ಬೇಕು. ಸ್ಲಿಂಗ್, ಅಂದರೆ ಅದಕ್ಕೆ ತೂಗುಹಾಕುವ ಬಟ್ಟೆಯನ್ನು ಬೆನ್ನಿನ ಕೆಳಗೆ ಸುಕ್ಕಿಲ್ಲದಂತೆ ಹಾಸಬೇಕು, ಎರಡೂ ಭುಜದ ಕಡೆ ಒಂದೇ ಬಣ್ಣದ ಕುಣಿಕೆ ಸಿಕ್ಕಿಸಬೇಕು. ಒಂದು ಕಡೆ ಬೇರೆ ಬಣ್ಣದ್ದಾದರೆ ಮನುಷ್ಯ ಗಾಳಿಯಲ್ಲೇ ವಾಲುತ್ತಾನೆ. ಆಮೇಲೆ ಹೊಟ್ಟೆಗೆ ಹಾಕಿದ ನಳಿಕೆಯಲ್ಲಿ ಆಹಾರ ಕೊಡುವುದಿದೆ, ಕ್ಯಾತಿಟರ್ ಚೀಲ ಬದಲಿಸುವುದಿದೆ, ಚರ್ಮ ಕೆಂಪಾಗಿದೆಯಾ ಎಂದು ನೋಡುವುದಿದೆ. ಇವನ್ನೆಲ್ಲ ಬಾಯಲ್ಲಿ ಹೇಳಿಕೊಟ್ಟು ಕಲಿಸಬಹುದು, ಮಾತು ಬರುವವರಾದರೆ. ಮಾತು ಕಷ್ಟವಾಗಿರುವವರು, ಹೊಸದಾಗಿ ಪಾರ್ಶ್ವವಾಯು ಆದವರು, ಬುದ್ಧಿಮಾಂದ್ಯತೆ ಇರುವವರು ಹೇಗೆ ಕಲಿಸಬೇಕು?

ಏಜೆನ್ಸಿಯ ನೌಕರರಿಗೆ ಒಂದು ಚೌಕಟ್ಟು ಇದೆ. ಆರೈಕೆ ನೌಕರರ ಬಗೆಗಿನ 2013ರ ಕ್ಯಾವೆಂಡಿಶ್ ವರದಿಯ ನಂತರ, 2015ರಲ್ಲಿ ಇಂಗ್ಲೆಂಡಿನಲ್ಲಿ ಕೇರ್ ಸರ್ಟಿಫಿಕೇಟ್ ಎಂಬ ಆರಂಭಿಕ ತರಬೇತಿ ಬಂತು. ಆದರೆ ಅಂಗವಿಕಲರು ತಾವೇ ಇಟ್ಟುಕೊಂಡ ಸಹಾಯಕರಿಗೆ ಅದು ಕಡ್ಡಾಯವಲ್ಲ, ಆರೈಕೆ ಸೇವೆಗಳ ಮೇಲ್ವಿಚಾರಣೆ ಮಾಡುವ ಕೇರ್ ಕ್ವಾಲಿಟಿ ಕಮಿಷನ್‌ನಲ್ಲಿ ನೋಂದಣಿಯೂ ಬೇಕಿಲ್ಲ. ಇಂಥವರು ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಜಾಸ್ತಿ ಇದ್ದಾರೆ. 2020ರಲ್ಲಿ ಕೊರೊನಾ ಬಂದಾಗ ಮಾಸ್ಕು, ಗ್ಲೌಸು ಹಂಚುವ ಪಟ್ಟಿಯಲ್ಲಿ ಮೊದಮೊದಲು ಇವರ ಹೆಸರೇ ಮರೆತುಹೋಗಿತ್ತು.

ತರಬೇತಿಗೆ ಸಹಾಯ ಇಲ್ಲವೇ ಇಲ್ಲ ಅಂತಲ್ಲ. ಸ್ಕಿಲ್ಸ್ ಫಾರ್ ಕೇರ್ ಎಂಬ ಸಂಸ್ಥೆ, ಇಂಗ್ಲೆಂಡಿನ ಆರೋಗ್ಯ ಇಲಾಖೆಯ ಹಣದಿಂದ, ಇಂಥ ಮಾಲೀಕರಿಗೆ ಹಲವು ವರ್ಷ ಅನುದಾನ ಕೊಟ್ಟಿದೆ. ಅದರಲ್ಲಿ ನನಗೆ ಇಷ್ಟವಾದ ಅಂಶವೊಂದಿದೆ. ಕೋರ್ಸಿನ ಶುಲ್ಕ, ಓಡಾಟದ ಖರ್ಚಿನ ಜೊತೆಗೆ, ಸಹಾಯಕರು ಕಲಿಯಲು ಹೋದ ದಿನ ಮನೆಗೆ ಬರುವ ಬದಲಿ ವ್ಯಕ್ತಿಯ ಸಂಬಳವನ್ನೂ ಅದು ಕೊಟ್ಟಿದೆ. ಇರುವವರು ಒಬ್ಬರೇ ಆದಾಗ ಅವರನ್ನು ತರಗತಿಗೆ ಕಳಿಸಿದರೆ ಹಾಸಿಗೆಯಿಂದ ಎಬ್ಬಿಸುವವರು ಯಾರು? ಇದನ್ನು ಯೋಚಿಸಿದವರು ಆ ಮನೆಗಳನ್ನು ಹತ್ತಿರದಿಂದ ನೋಡಿರಬೇಕು. ಆದರೆ ಇದು ಹಕ್ಕಲ್ಲ. ನಿಧಿ ಇದ್ದಾಗ ಉಂಟು, ಅದೂ ಗೊತ್ತಿದ್ದು ಅರ್ಜಿ ಹಾಕಿದವರಿಗೆ.

ಅತ್ತ ಭತ್ಯೆಗಳು ಬಿಗಿಯಾಗುತ್ತಾ ಹೋದವು. 2010ರ ಬಜೆಟ್‌ನಲ್ಲಿ ಹಣಕಾಸು ಸಚಿವ ಜಾರ್ಜ್ ಆಸ್ಬರ್ನ್ ಹೊಸ ತಪಾಸಣೆ ಪ್ರಕಟಿಸಿದರು. ದುಡಿಯುವ ವಯಸ್ಸಿನವರ ಅಂಗವಿಕಲ ಭತ್ಯೆಯ ಖರ್ಚನ್ನು ಶೇ. 20ರಷ್ಟು ಇಳಿಸುವ ಲೆಕ್ಕ ಅದರ ಹಿಂದಿತ್ತು. 2013ರಲ್ಲಿ ಡಿಸೆಬಿಲಿಟಿ ಲಿವಿಂಗ್ ಅಲೋವೆನ್ಸ್ ಬದಲು ಪಿಪ್ ಬಂತು. ಓಡಾಟದ ಭಾಗದ ಹೆಚ್ಚಿನ ದರಕ್ಕೆ, 50 ಮೀಟರ್‌ಗಿಂತ ಹೆಚ್ಚು ನಡೆಯಲಾಗದಿರಬೇಕು ಅನ್ನುವ ಹಳೆಯ ಅಳತೆ 20 ಮೀಟರ್‌ಗೆ ಇಳಿಯಿತು. 2016ರಲ್ಲಿ ಇನ್ನೊಂದು ಕಡಿತ ತರಲು ಹೋದಾಗ ಸಚಿವ ಇಯಾನ್ ಡಂಕನ್ ಸ್ಮಿತ್ ರಾಜೀನಾಮೆ ಕೊಟ್ಟರು, ಕಡಿತ ಬಿದ್ದುಹೋಯಿತು. ಸ್ಕಾಟ್ಲೆಂಡ್ 2022ರಲ್ಲಿ ತನ್ನದೇ ಭತ್ಯೆ ಮಾಡಿಕೊಂಡು ಬೇರೆ ದಾರಿ ಹಿಡಿಯಿತು.

ಇಂಡಿಪೆಂಡೆಂಟ್ ಲಿವಿಂಗ್ ಫಂಡ್ 2010ರಲ್ಲಿ ಹೊಸಬರಿಗೆ ಬಾಗಿಲು ಹಾಕಿತು. ಮುಚ್ಚುವ ನಿರ್ಧಾರವನ್ನು 2013ರಲ್ಲಿ ನ್ಯಾಯಾಲಯ ರದ್ದು ಮಾಡಿದರೂ ಸರ್ಕಾರ ಮತ್ತೆ ಅದೇ ನಿರ್ಧಾರ ಮಾಡಿತು. 2015ರ ಜೂನ್‌ನಲ್ಲಿ ಗಾಲಿಕುರ್ಚಿಯಲ್ಲಿ ಬಂದ ಪ್ರತಿಭಟನಾಕಾರರು ಸಂಸತ್ತಿನ ಸದನದೊಳಗೆ ನುಗ್ಗಲು ಯತ್ನಿಸಿದರು. ಆ ತಿಂಗಳ 30ಕ್ಕೆ ನಿಧಿ ಮುಚ್ಚಿತು. ಇಂಗ್ಲೆಂಡಿನಲ್ಲಿ ಹೊಣೆ ಕೌನ್ಸಿಲ್‌ಗಳಿಗೆ ಹೋಯಿತು.

ಭತ್ಯೆಗೂ ಸಹಾಯಕರಿಗೂ ಏನು ಸಂಬಂಧ ಅನ್ನಬಹುದು. 2025ರಲ್ಲಿ ಪಿಪ್‌ನ ದಿನನಿತ್ಯದ ಭಾಗದ ಹೆಚ್ಚಿನ ದರ ವಾರಕ್ಕೆ 110.40 ಪೌಂಡ್. ಅದೇ ವರ್ಷದ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್. ಅಂದರೆ ವಾರಕ್ಕೆ ಒಂಬತ್ತು ಗಂಟೆಯ ಸಹಾಯ, ಅಷ್ಟಕ್ಕೇ ಮುಗಿಯಿತು. ಉಳಿದ ಗಂಟೆಗಳಿಗೆ ಕೌನ್ಸಿಲ್‌ನ ಡೈರೆಕ್ಟ್ ಪೇಮೆಂಟ್ ಬೇಕು. ಇಂಗ್ಲೆಂಡಿನಲ್ಲಿ ಕೌನ್ಸಿಲ್ ಆರೈಕೆಯ ಶುಲ್ಕ ಲೆಕ್ಕ ಹಾಕುವಾಗ ಪಿಪ್‌ನ ಈ ಹಣವನ್ನೇ ಆದಾಯವೆಂದು ಹಿಡಿಯಬಹುದು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡ ಹಾಗೆ. 2020ರ ಡಿಸೆಂಬರ್‌ನಲ್ಲಿ ನಾರ್ಫೋಕ್ ಕೌನ್ಸಿಲ್‌ನ ಶುಲ್ಕ ಪದ್ಧತಿ ತೀವ್ರ ಅಂಗವಿಕಲರಿಗೆ ತಾರತಮ್ಯ ಮಾಡುತ್ತದೆ ಎಂದು ಹೈಕೋರ್ಟ್ ಹೇಳಿತು.

ಹಾಗಾಗಿ ಅಂಕದ ಪಟ್ಟಿಯಲ್ಲಿ ಒಂದು ಸಾಲು ಬದಲಾದರೆ ಅದು ನಾಲ್ಕು ಕಡೆ ತಟ್ಟುತ್ತದೆ. ದಿನನಿತ್ಯದ ಭಾಗ ಕೈತಪ್ಪಿದರೆ ಮನೆಯವರು ಪಡೆಯುವ ಕೇರರ್ಸ್ ಅಲೋವೆನ್ಸ್ ಕೂಡ ನಿಲ್ಲುತ್ತದೆ. ಕೈಯಲ್ಲಿ ದುಡ್ಡು ಕಡಿಮೆಯಾದಾಗ ಮೊದಲು ಬಿಟ್ಟುಹೋಗುವುದು ತರಬೇತಿಯೇ. ಊಟದ ಹೊತ್ತಿನ ಗಂಟೆಯನ್ನು ಯಾರೂ ಕಡಿಮೆ ಮಾಡಿಕೊಳ್ಳುವುದಿಲ್ಲ. ಕಲಿಯುವ ದಿನವನ್ನು ಮುಂದಿನ ತಿಂಗಳಿಗೆ ಹಾಕುತ್ತಾರೆ, ಆ ತಿಂಗಳು ಬರುವುದೇ ಇಲ್ಲ.

ಟಿಮ್ಸ್ ಪರಿಶೀಲನೆ ಅಂಗವಿಕಲರನ್ನು ಜೊತೆಗೆ ಕೂರಿಸಿಕೊಂಡೇ ನಡೆಯುತ್ತದೆ ಎಂದು ಸರ್ಕಾರ ಹೇಳಿದೆ. ವರದಿಗೆ ಇಟ್ಟುಕೊಂಡ ಗಡುವು 2026ರ ಶರತ್ಕಾಲ. ಇನ್ನೊಂದು ಕಡಿತ ಮಾತ್ರ ಆಗಲೇ ಕಾನೂನಾಗಿದೆ: ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಅನಾರೋಗ್ಯಕ್ಕೆಂದು ಸಿಗುವ ಹೆಚ್ಚುವರಿ ಹಣ, 2026ರ ಏಪ್ರಿಲ್‌ನಿಂದ ಹೊಸದಾಗಿ ಬರುವ ಹೆಚ್ಚಿನವರಿಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ.