ಜಗಳವೇ ಆಡದಿದ್ದರೆ ಸಂಸಾರ ಗಟ್ಟಿಯೇ?

ಪ್ರಶ್ನೆ: ಮದುವೆಯಾಗಿ ಏಳು ವರ್ಷ. ಅಮ್ಮ ಹೇಳಿ ಕಳಿಸಿದ ಹಾಗೆ ಹೊಂದಿಕೊಂಡು ಹೋಗುತ್ತಿದ್ದೇನೆ. ಬೇಜಾರಾದರೂ ನುಂಗಿಕೊಳ್ಳುತ್ತೇನೆ, ಮಾತಿಗೆ ಮಾತು ಬೆಳೆಸುವುದಿಲ್ಲ. ಮನೆಯಲ್ಲಿ ಜಗಳವೇ ಇಲ್ಲ. ಆದರೂ ಇಬ್ಬರೂ ದೂರವಾಗುತ್ತಿದ್ದೇವೆ ಅನ್ನಿಸುತ್ತಿದೆ. ನಾನು ಮಾಡುತ್ತಿರುವುದು ಸರಿಯೇ?

ಉತ್ತರ: 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ' ಅನ್ನುವ ಗಾದೆಯನ್ನು ನಾವು ಅರ್ಧವೇ ಕೇಳಿಸಿಕೊಂಡಿದ್ದೇವೆ. ಜಗಳ ಆಗಬಾರದು ಅಂತ ಅದು ಹೇಳುವುದಿಲ್ಲ. ಆಗುತ್ತದೆ, ಮುಗಿಯುತ್ತದೆ ಅನ್ನುತ್ತದೆ. ನಿಮ್ಮದು ಶುರುವೇ ಆಗಿಲ್ಲ, ಮುಗಿಯುವುದಾದರೂ ಹೇಗೆ?

ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ಹೃದ್ರೋಗದ ದೊಡ್ಡ ಅಧ್ಯಯನವೊಂದು ನಡೆದುಕೊಂಡು ಬಂದಿದೆ. ಅದರ ಎರಡನೇ ತಲೆಮಾರಿನವರನ್ನು 10 ವರ್ಷ ಗಮನಿಸಿದ ವರದಿ 2007ರಲ್ಲಿ ಬಂತು. ಗಂಡನ ಜೊತೆ ಮನಸ್ತಾಪವಾದಾಗ ಬಾಯಿಬಿಡದೆ ಇದ್ದುಬಿಡುವ ಹೆಂಗಸರು ಆ ಅವಧಿಯಲ್ಲಿ ಸಾಯುವ ಸಂಭವ, ಹೇಳಿಕೊಳ್ಳುವವರಿಗಿಂತ ಸುಮಾರು 4 ಪಟ್ಟು ಹೆಚ್ಚಿತ್ತು. ಗಂಡಸರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಮೌನವೇ ಕೊಂದಿತು ಅಂತ ಇದರಿಂದ ಹೇಳಲಾಗದು, ಗಾಬರಿಯಾಗಬೇಡಿ. ಆದರೆ ನುಂಗಿದ್ದು ಕರಗಿಹೋಗುತ್ತದೆ ಅನ್ನುವ ನಂಬಿಕೆಯನ್ನಂತೂ ಬಿಡಬೇಕು.

ಕರಗದೆ ಉಳಿದದ್ದು ಕೊಂಕು ಮಾತಾಗಿ, ಮೂತಿ ತಿರುವುವುದಾಗಿ, 'ಇವರಿಗೆ ಹೇಳಿ ಏನು ಪ್ರಯೋಜನ' ಅನ್ನುವ ತಾತ್ಸಾರವಾಗಿ ಹೊರಬರುತ್ತದೆ. ಸಿಯಾಟಲ್‌ನಲ್ಲಿ ದಂಪತಿಗಳ ಮಾತುಕತೆಯನ್ನು ವರ್ಷಗಟ್ಟಲೆ ಚಿತ್ರೀಕರಿಸಿ ಅಭ್ಯಸಿಸಿದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಮದುವೆ ಮುರಿಯುವ ಲಕ್ಷಣಗಳಲ್ಲಿ ತಾತ್ಸಾರಕ್ಕೇ ಮೊದಲ ಸ್ಥಾನ ಕೊಡುತ್ತಾರೆ. ಗಟ್ಟಿಯಾಗಿ ಉಳಿದ ಜೋಡಿಗಳೂ ಜಗಳವಾಡುತ್ತಿದ್ದರು. ಆದರೆ ಜಗಳದ ನಡುವೆಯೂ ಒಂದು ಕಹಿಗೆ ಐದರಷ್ಟು ನಗು, ಒಪ್ಪಿಗೆ, ಅಕ್ಕರೆ ಇರುತ್ತಿತ್ತಂತೆ.

ಇನ್ನೊಂದು ಮಾತು. ಇದೆಲ್ಲ ನಿಮ್ಮ ಸ್ವಭಾವದ ದೋಷ ಅಂದುಕೊಳ್ಳಬೇಡಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಟ್ಟರೆ, ಗಂಡಸರು ಕೊಟ್ಟದ್ದು 88 ನಿಮಿಷ. ದಣಿದ ಮೈಗೆ ಮಾತಾಡುವುದೂ ಒಂದು ಕೆಲಸವೇ. ನೀವು 'ಬೇಜಾರು' ಅನ್ನುವುದರಲ್ಲಿ ಎಷ್ಟು ಪಾಲು ಸುಸ್ತು ಅಂತ ಒಮ್ಮೆ ನೋಡಿಕೊಳ್ಳಿ.

ಸುಮ್ಮನಿರುವುದು ಹೆದರಿಕೆಯಿಂದಾದರೆ, ಅಂದರೆ ಬಾಯಿಬಿಟ್ಟರೆ ಹೊಡೆತ ಅಥವಾ ಬೆದರಿಕೆ ಅಂತಿದ್ದರೆ, ಮುಂದಿನ ಸಲಹೆ ನಿಮಗಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಮನಸ್ಸು ಕುಗ್ಗಿದ್ದರೆ ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಹೆದರಿಕೆ ಇಲ್ಲವಾದರೆ ಸಣ್ಣ ವಿಷಯವೊಂದನ್ನೇ ಎತ್ತಿಕೊಳ್ಳಿ. ಏಳು ವರ್ಷದ ಲೆಕ್ಕವನ್ನು ಒಂದೇ ರಾತ್ರಿ ಬಿಚ್ಚಬೇಡಿ. ಹೊಸದಾಗಿ ಮದುವೆಯಾದ 124 ಜೋಡಿಗಳ ಮೇಲಿನ ಗಾಟ್‌ಮನ್ ಅಧ್ಯಯನದಲ್ಲಿ, ಜಗಳದ ಮೊದಲ 3 ನಿಮಿಷ ಹೇಗಿತ್ತು ಅನ್ನುವುದೇ ಮುಂದೆ ಯಾರು ಬೇರೆಯಾಗುತ್ತಾರೆ ಎಂಬ ಸುಳಿವು ಕೊಟ್ಟಿತ್ತು. 'ನೀವು ಯಾವತ್ತೂ ಹೀಗೇ' ಅಂತ ಶುರುಮಾಡುವ ಬದಲು 'ನೆಂಟರ ಮುಂದೆ ಹಾಗಂದಿದ್ದು ನನಗೆ ನೋವಾಯ್ತು ರೀ' ಅನ್ನಿ. ನಿಮ್ಮ ಮೌನಕ್ಕೆ ಒಗ್ಗಿಹೋದ ಅವರು ಮೊದಲ ಸಲ ಎದ್ದುಹೋದಾರು. ಹೋಗಲಿ. ಅರ್ಧ ಗಂಟೆ ಬಿಟ್ಟು, ಕಾಫಿ ಇಟ್ಟು, ಅದೇ ಮಾತನ್ನು ಮತ್ತೆ ಹೇಳಿ.