ಒಳಗಿನ ಯಂತ್ರ ಹತ್ತಿದ್ದರೂ ಹೊರಗಿನ ಬಾಗಿಲು ಒಂದೇ ಇರಲಿ

ಫೈರ್‌ವಾಲ್ ಹಿಂದಿನ ಕಂಪ್ಯೂಟರನ್ನು ದೂರದಿಂದ ಬಳಸಬೇಕೆಂದರೆ ಬಹಳ ಮಂದಿಗೆ ಮೊದಲು ನೆನಪಾಗುವುದು ರೂಟರ್‌ನ ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನಿಂದ ಒಂದು ಪೋರ್ಟ್‌ಗೆ (ಸಂಖ್ಯೆಯಿಂದ ಗುರುತಿಸುವ ಸಂಪರ್ಕದ ಬಾಗಿಲಿಗೆ) ಬಂದದ್ದನ್ನು ಒಳಗಿನ ಯಂತ್ರಕ್ಕೆ ದಾಟಿಸುವುದು. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಆದರೆ ಪೋರ್ಟ್ 3389, ಲಿನಕ್ಸ್‌ನ ಎಸ್‌ಎಸ್‌ಎಚ್ (ಎನ್‌ಕ್ರಿಪ್ಟ್ ಆದ ದೂರದ ಲಾಗಿನ್) ಆದರೆ 22. ಕೆಲಸ ಆಗುತ್ತದೆ, ನಿಜ. ಆದರೆ ಅಂದಿನಿಂದಲೇ ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂಗಳು ಹಗಲೂ ರಾತ್ರಿ ಆ ಕದ ಬಡಿಯತೊಡಗುತ್ತವೆ. ಪೋರ್ಟ್ ಸಂಖ್ಯೆ ಬದಲಿಸಿದರೆ ಲಾಗ್ ಫೈಲ್ ಸಣ್ಣದಾಗುತ್ತದೆ, ಅಷ್ಟೇ. 2019ರಲ್ಲಿ ಬಯಲಾದ ಬ್ಲೂಕೀಪ್ ದೋಷಕ್ಕಂತೂ ಪಾಸ್‌ವರ್ಡೇ ಬೇಕಿರಲಿಲ್ಲ. 3389 ತೆರೆದಿದ್ದು, ಹಳೆಯ ವಿಂಡೋಸ್ ಅಪ್‌ಡೇಟ್ ಆಗದೆ ಉಳಿದಿದ್ದರೆ ಸಾಕಿತ್ತು.

ಹೊರಗೆ ಕಾಣುವುದು ಒಂದೇ ಯಂತ್ರವಾಗಿರಲಿ. ಒಳಗಿನ ಯಂತ್ರಗಳಿಗೆ ಅದರ ಮೂಲಕವೇ ಹೋಗುವುದು; ಇದನ್ನು ಜಂಪ್ ಹೋಸ್ಟ್ ಎನ್ನುತ್ತಾರೆ. ಅದರಲ್ಲಿ ಎಸ್‌ಎಸ್‌ಎಚ್ ಬಿಟ್ಟರೆ ಬೇರೆ ಸೇವೆ ಬೇಡ, ಪಾಸ್‌ವರ್ಡ್ ಲಾಗಿನ್ ಬಂದ್, ಕೀ (ಪಾಸ್‌ವರ್ಡ್ ಬದಲು ಬಳಸುವ ಫೈಲ್) ಇದ್ದವರಿಗೆ ಮಾತ್ರ ಪ್ರವೇಶ. ಖಾಸಗಿ ಕೀ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇರಬೇಕು, ಅದಕ್ಕೊಂದು ಪಾಸ್‌ಫ್ರೇಸ್ ಇರಬೇಕು. ಅನುಕೂಲಕ್ಕೆಂದು ಆ ಕೀಯನ್ನು ಜಂಪ್ ಹೋಸ್ಟ್‌ಗೆ ನಕಲು ಮಾಡಿಟ್ಟರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಏಜೆಂಟ್ ಫಾರ್ವರ್ಡಿಂಗ್ (ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕೀ ಹಿಡಿದಿಟ್ಟುಕೊಳ್ಳುವ ಏಜೆಂಟ್ ಪ್ರೋಗ್ರಾಂ ಅನ್ನು ಜಂಪ್ ಹೋಸ್ಟ್‌ನಿಂದಲೂ ಬಳಸಲು ಬಿಡುವುದು) ಕೂಡ ಇದೇ ಜಾತಿಯದು. ಕೀ ನಕಲಾಗುವುದಿಲ್ಲ, ಆದರೆ ನೀವು ಸಂಪರ್ಕದಲ್ಲಿರುವಷ್ಟು ಹೊತ್ತು ಜಂಪ್ ಹೋಸ್ಟ್‌ನ ರೂಟ್ ಬಳಕೆದಾರ ನಿಮ್ಮ ಏಜೆಂಟ್ ಬಳಸಿ ಇತರ ಯಂತ್ರಗಳಿಗೆ ಲಾಗಿನ್ ಆಗಬಹುದು. 2016ರ ಓಪನ್‌ಎಸ್‌ಎಸ್‌ಎಚ್ 7.3 ಆವೃತ್ತಿಯಿಂದ ಜಂಪ್ ಹೋಸ್ಟ್ ಮೂಲಕ ಒಳಗಿನ ಯಂತ್ರಕ್ಕೆ ಲಾಗಿನ್ ಆಗುವ ಪ್ರಾಕ್ಸಿಜಂಪ್ ಸೌಲಭ್ಯವಿದೆ, ಅದನ್ನೇ ಬಳಸಿ. ಎನ್‌ಕ್ರಿಪ್ಷನ್ ನಿಮ್ಮ ಲ್ಯಾಪ್‌ಟಾಪ್‌ನಿಂದ ಒಳಗಿನ ಯಂತ್ರದವರೆಗೂ ಮುರಿಯದೆ ಹೋಗುತ್ತದೆ, ನಡುವಿನ ಯಂತ್ರ ಗೂಢಲಿಪಿಯನ್ನು ದಾಟಿಸುವ ಕೊಳವೆಯಷ್ಟೇ. "ಆಡ್ಮಿನಿಸ್ಟ್ರೇಟಿವ್ಲಿ ಪ್ರೊಹಿಬಿಟೆಡ್" ಎಂಬ ದೋಷ ಬಂದರೆ ಜಂಪ್ ಹೋಸ್ಟ್‌ನಲ್ಲಿ ಟಿಸಿಪಿ ಫಾರ್ವರ್ಡಿಂಗ್ ಮುಚ್ಚಿದೆಯೇ ನೋಡಿ. ಅದನ್ನು ಪೂರ್ತಿ ತೆರೆದಿಡಬೇಕಿಲ್ಲ. ಪರ್ಮಿಟ್‌ಓಪನ್ ಸಾಲಿನಲ್ಲಿ ಬೇಕಾದ ವಿಳಾಸ, ಪೋರ್ಟ್‌ಗಳನ್ನಷ್ಟೇ ಬರೆಯಿರಿ.

ರಿಮೋಟ್ ಡೆಸ್ಕ್‌ಟಾಪ್ ಕೂಡ ಇದೇ ದಾರಿಯಲ್ಲಿ ಬರುತ್ತದೆ. ನಿಮ್ಮ ಯಂತ್ರದ 3390 ಪೋರ್ಟನ್ನು ಒಳಗಿನ ಯಂತ್ರದ 3389ಕ್ಕೆ ಲೋಕಲ್ ಫಾರ್ವರ್ಡ್ ಮಾಡಿ, ಆಮೇಲೆ ಲೋಕಲ್‌ಹೋಸ್ಟ್ (ನಿಮ್ಮದೇ ಯಂತ್ರ) 3390ಕ್ಕೆ ಕನೆಕ್ಟ್ ಆಗಿ. ಇಲ್ಲಿ ಹೊಸಬರು ಎಡವುವುದು ಒಂದೇ ಕಡೆ: ಗುರಿಯ ಜಾಗದಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದರೆ ಅದು ನಿಮ್ಮ ಲ್ಯಾಪ್‌ಟಾಪ್ ಅಲ್ಲ, ಜಂಪ್ ಹೋಸ್ಟ್.

ಪಬ್ಲಿಕ್ ಐಪಿಯೇ (ಇಂಟರ್ನೆಟ್‌ನಿಂದ ನೇರ ತಲುಪುವ ವಿಳಾಸ) ಇಲ್ಲದಿದ್ದರೆ? ರೂಟರ್‌ನ ಹೊರಬದಿಯ ವಿಳಾಸ 100.64ರಿಂದ 100.127ರೊಳಗೆ ಶುರುವಾದರೆ ಸೇವಾದಾರರೇ ನ್ಯಾಟ್ (ಹಲವರಿಗೆ ಒಂದೇ ಪಬ್ಲಿಕ್ ವಿಳಾಸ ಹಂಚುವ ವ್ಯವಸ್ಥೆ) ಹಾಕಿದ್ದಾರೆ, ಪೋರ್ಟ್ ಫಾರ್ವರ್ಡಿಂಗ್ ವ್ಯರ್ಥ. ಆಗ ಒಳಗಿನ ಯಂತ್ರವೇ ಹೊರಗಿನ ಸರ್ವರ್‌ಗೆ ಎಸ್‌ಎಸ್‌ಎಚ್‌ನ ರಿವರ್ಸ್ ಟನಲ್ (ಒಳಗಿನಿಂದ ಹೊರಕ್ಕೆ ತೆರೆದ ದಾರಿ) ಹಾಕಬೇಕು, ಇಲ್ಲವೇ ಆ ಸರ್ವರ್ ಮೂಲಕ ವೈರ್‌ಗಾರ್ಡ್ ಎಂಬ ವಿಪಿಎನ್ ನಡೆಸಬೇಕು. ಎರಡಕ್ಕೂ ಒಂದೇ ಶತ್ರು: ಮೌನ. ಸ್ವಲ್ಪ ಹೊತ್ತು ಡೇಟಾ ಓಡಾಡದಿದ್ದರೆ ನ್ಯಾಟ್ ಆ ನಮೂದನ್ನು ಅಳಿಸುತ್ತದೆ. ವೈರ್‌ಗಾರ್ಡ್‌ನಲ್ಲಿ ಪರ್ಸಿಸ್ಟೆಂಟ್‌ಕೀಪ್‌ಅಲೈವ್ 25 ಸೆಕೆಂಡ್, ಎಸ್‌ಎಸ್‌ಎಚ್‌ನಲ್ಲಿ ಸರ್ವರ್‌ಅಲೈವ್‌ಇಂಟರ್ವಲ್ 30 ಇಡಿ. ಎಸ್‌ಎಸ್‌ಎಚ್‌ನಲ್ಲಿ ಎಕ್ಸಿಟ್‌ಆನ್‌ಫಾರ್ವರ್ಡ್‌ಫೇಲ್ಯೂರ್ ಅನ್ನೂ ಹಾಕಿ. ಇಲ್ಲದಿದ್ದರೆ ಟನಲ್ ಹಾಕುವುದು ವಿಫಲವಾದರೂ ಪ್ರೊಸೆಸ್ ಬದುಕಿರುತ್ತದೆ, ಮರುಚಾಲನೆ ಮಾಡಬೇಕಾದ ಸಿಸ್ಟಮ್‌ಡಿಗೆ (ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಪ್ರೋಗ್ರಾಂ) ಏನೂ ತಿಳಿಯುವುದಿಲ್ಲ.

ವೈರ್‌ಗಾರ್ಡ್ ಕನೆಕ್ಟ್ ಆಗಿಯೂ ಒಳಗಿನ ಯಂತ್ರ ಸಿಗದಿದ್ದರೆ ಎರಡೂ ಕಡೆಯ ಸಬ್‌ನೆಟ್ (ಸ್ಥಳೀಯ ನೆಟ್‌ವರ್ಕ್‌ನ ವಿಳಾಸ ಶ್ರೇಣಿ) ನೋಡಿ. ಎರಡೂ 192.168.1 ಆಗಿದ್ದರೆ ಪ್ಯಾಕೆಟ್ ಟನಲ್ ಹತ್ತದೆ ಪಕ್ಕದ ಯಂತ್ರವನ್ನೇ ಹುಡುಕುತ್ತಿರಬಹುದು. ಒಳಗಿನ ನೆಟ್‌ವರ್ಕ್‌ಗೆ ಮೊದಲೇ 10.73.18ರಂಥ ಅಪರೂಪದ ಶ್ರೇಣಿ ಕೊಟ್ಟರೆ ಈ ಗೋಜು ತಪ್ಪುತ್ತದೆ.

ಇಷ್ಟನ್ನೂ ದೂರದಿಂದಲೇ ಬದಲಿಸುತ್ತಿದ್ದರೆ ತೆರೆದಿರುವ ಸೆಷನ್ ಮುಚ್ಚಬೇಡಿ. ಎಸ್‌ಎಸ್‌ಎಚ್‌ಡಿಯನ್ನು (ಎಸ್‌ಎಸ್‌ಎಚ್‌ನ ಸರ್ವರ್ ಪ್ರೋಗ್ರಾಂ) -t ಆಯ್ಕೆಯೊಂದಿಗೆ ಓಡಿಸಿ ಸಂರಚನೆ ಪರೀಕ್ಷಿಸಿ, ರೀಲೋಡ್ ಮಾಡಿ, ಇನ್ನೊಂದು ಟರ್ಮಿನಲ್‌ನಿಂದ ಲಾಗಿನ್ ಆಗಿ ನೋಡಿದ ಮೇಲಷ್ಟೇ ಹಳೆಯದನ್ನು ಬಿಡಿ.