ಯಾರನ್ನು ಕೇಳಿದರು, ಹೇಗೆ ಎಣಿಸಿದರು?

1964ರ ಮೇ ತಿಂಗಳು, ಇಂಗ್ಲೆಂಡಿನ ಮ್ಯಾಂಚೆಸ್ಟರ್. ರೈಲು ನಿಲ್ಲುವುದನ್ನೇ ಬಿಟ್ಟಿದ್ದ ಒಂದು ಹಳೆಯ ಸ್ಟೇಷನ್. ಹಳಿಯ ಈ ಕಡೆಯ ಪ್ಲಾಟ್‌ಫಾರ್ಮಿನಲ್ಲಿ ಜನ ಕೂತಿದ್ದಾರೆ, ಆ ಕಡೆಯದೇ ವೇದಿಕೆ. ಟಿವಿಯವರು ಚಿತ್ರೀಕರಣ ಮಾಡುತ್ತಿದ್ದಾರೆ. ಮಳೆ ಬಂದು ನೆಲವೆಲ್ಲ ಒದ್ದೆ. ಕೋಟು ತೊಟ್ಟ 49 ವರ್ಷದ ಹೆಂಗಸೊಬ್ಬರು ಬಂದು ಬಿಳಿ ಎಲೆಕ್ಟ್ರಿಕ್ ಗಿಟಾರನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ. ಸುರಿದ ಮಳೆಗೆ ತಕ್ಕಂತೆ ಮಳೆಯದೇ ಒಂದು ಭಕ್ತಿಗೀತೆ ಎತ್ತಿಕೊಳ್ಳುತ್ತಾರೆ. ನಡುವೆ ದನಿ ನಿಲ್ಲುತ್ತದೆ, ಗಿಟಾರ್ ಮುಂದುವರಿಸುತ್ತದೆ. ಆಮೇಲೆ ಬಂದ ರಾಕ್ ಗಿಟಾರ್ ವಾದಕರ ಅರ್ಧ ವರಸೆಗಳು ಆ ಕೆಲವೇ ಸೆಕೆಂಡುಗಳಲ್ಲಿ ಕೇಳಿಸುತ್ತವೆ.

ಅವರು ಸಿಸ್ಟರ್ ರೊಸೆಟ್ಟಾ ಥಾರ್ಪ್. 1973ರಲ್ಲಿ ತೀರಿಕೊಂಡರು. 2003ರಲ್ಲಿ ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆ ಸಾರ್ವಕಾಲಿಕ ಶ್ರೇಷ್ಠ 100 ಗಿಟಾರ್ ವಾದಕರ ಪಟ್ಟಿ ಮಾಡಿತು. ಅದರಲ್ಲಿ ಅವರ ಹೆಸರಿರಲಿಲ್ಲ. 2011ರಲ್ಲಿ ಮತ್ತೆ 100 ಜನರ ಪಟ್ಟಿ ಬಂತು. ಅದರಲ್ಲೂ ಇರಲಿಲ್ಲ. 2023ರಲ್ಲಿ ಅದೇ ಪತ್ರಿಕೆ 250 ಜನರ ಪಟ್ಟಿ ಮಾಡಿದಾಗ ಅವರು ಆರನೇ ಸ್ಥಾನದಲ್ಲಿದ್ದರು!

ಈ 20 ವರ್ಷಗಳಲ್ಲಿ ಥಾರ್ಪ್ ಹೊಸದಾಗಿ ಒಂದು ತಂತಿಯನ್ನೂ ಮೀಟಿಲ್ಲ. ಹಾಗಾದರೆ ಬದಲಾಗಿದ್ದು ಏನು?

ನಾನು ಇಂಥ ಪಟ್ಟಿಗಳನ್ನು ಬಿಡದೆ ಓದುವ ಅಭಿಮಾನಿ. ಇಷ್ಟದ ಹೆಸರು ಮೇಲಿದ್ದರೆ ದಿನವಿಡೀ ಖುಷಿ, ಕೆಳಗಿದ್ದರೆ ಸಂಕಟ. ಬಹಳ ವರ್ಷ ನಾನು ನೋಡುತ್ತಿದ್ದುದು ನಂಬರ್ ಮಾತ್ರ. ಆ ನಂಬರ್ ಹುಟ್ಟುವುದು ಹೇಗೆ ಅಂತ ಹುಡುಕಲು ಶುರುಮಾಡಿದ ಮೇಲೆ ಪಟ್ಟಿಗಳನ್ನು ಓದುವ ರೀತಿಯೇ ಬದಲಾಯಿತು.

ಮೊದಮೊದಲ ಪಟ್ಟಿಗಳಲ್ಲಿ ‘ಶ್ರೇಷ್ಠ’ ಅನ್ನುವ ಮಾತೇ ಇರಲಿಲ್ಲ. ಬಿಲ್‌ಬೋರ್ಡ್ ಪತ್ರಿಕೆ 1894ರಲ್ಲಿ ಸಿನ್ಸಿನಾಟಿಯಲ್ಲಿ ಶುರುವಾಗಿದ್ದು ಗೋಡೆಗೆ ಜಾಹೀರಾತು ಅಂಟಿಸುವವರ ವ್ಯಾಪಾರದ ಪತ್ರಿಕೆಯಾಗಿ. ಸಂಗೀತ ಅದರೊಳಗೆ ಬಂದಿದ್ದು ನಿಧಾನಕ್ಕೆ. 1940ರ ಜುಲೈ 27ರಂದು ಅದು ದೇಶದ ಅಂಗಡಿಗಳಲ್ಲಿ ಹೆಚ್ಚು ಮಾರಾಟವಾದ ರೆಕಾರ್ಡುಗಳ ಪಟ್ಟಿ ಪ್ರಕಟಿಸಿತು. ಮೊದಲ ಸ್ಥಾನದಲ್ಲಿದ್ದುದು ಟಾಮಿ ಡಾರ್ಸಿ ತಂಡದ ಹಾಡು, ದನಿ ಫ್ರಾಂಕ್ ಸಿನಾಟ್ರಾ ಅವರದು. ಯಾವ ರೆಕಾರ್ಡ್ ತರಿಸಿಡಬೇಕು ಅಂತ ಅಂಗಡಿಯವರಿಗೆ, ಕಾಸು ಹಾಕಿದರೆ ಹಾಡು ನುಡಿಸುವ ಜ್ಯೂಕ್‌ಬಾಕ್ಸಿಗೆ ಯಾವುದನ್ನು ಹಾಕಬೇಕು ಅಂತ ಅದರ ಮಾಲೀಕರಿಗೆ ಗೊತ್ತಾಗಬೇಕಿತ್ತು. ಪಟ್ಟಿ ಇದ್ದಿದ್ದು ಅಷ್ಟಕ್ಕೇ.

ಇಂಗ್ಲೆಂಡಿನ ಕತೆ ಇನ್ನೂ ಸರಳ. 1952ರಲ್ಲಿ ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಪತ್ರಿಕೆಯ ಪರ್ಸಿ ಡಿಕಿನ್ಸ್ ಫೋನ್ ಹಿಡಿದು ಕೂತರು. ಸುಮಾರು 20 ಅಂಗಡಿಗಳಿಗೆ ಫೋನ್ ಮಾಡಿ, ಚೆನ್ನಾಗಿ ಮಾರಾಟವಾಗುತ್ತಿರುವುದು ಯಾವ ಯಾವ ರೆಕಾರ್ಡ್ ಅಂತ ಕೇಳಿ ಬರೆದುಕೊಂಡರು. ಎಲ್ಲ ಕೂಡಿಸಿ ನವೆಂಬರ್ 14ರಂದು ‘ಟಾಪ್ 12’ ಅಂತ ಅಚ್ಚು ಹಾಕಿದರು. ಕೆಲವು ಹಾಡುಗಳು ಸಮ ಬಂದಿದ್ದರಿಂದ ಆ ಹನ್ನೆರಡರಲ್ಲಿ 15 ಹಾಡುಗಳಿದ್ದವು. ಮೊದಲ ಸ್ಥಾನ ಅಲ್ ಮಾರ್ಟಿನೊ ಅವರಿಗೆ. ಇವತ್ತಿಗೂ ಬ್ರಿಟನ್ನಿನ ನಂಬರ್ ಒನ್ ಹಾಡುಗಳ ಲೆಕ್ಕ ಶುರುವಾಗುವುದು ಆ ಫೋನ್ ಕರೆಗಳಿಂದಲೇ.

ಥಾರ್ಪ್ ಕತೆಗೆ ಬೇಕಾದ ಮುಖ್ಯ ಎಳೆ ಇದೇ ಕಾಲದ್ದು. ಕಪ್ಪು ಜನರ ಸಂಗೀತಕ್ಕೆ ಬಿಲ್‌ಬೋರ್ಡ್ ಬೇರೆಯೇ ಪಟ್ಟಿ ಇಟ್ಟಿತ್ತು. 1942ರಲ್ಲಿ ಅದರ ಹೆಸರು ‘ಹಾರ್ಲೆಮ್ ಹಿಟ್ ಪರೇಡ್’. 1945ರಲ್ಲಿ ‘ರೇಸ್ ರೆಕಾರ್ಡ್ಸ್’ ಅಂದರು, ಅಂದರೆ ಜನಾಂಗದ ಹೆಸರಲ್ಲೇ. ಅದೇ ವರ್ಷ ಥಾರ್ಪ್ ಅವರ ಒಂದು ಭಕ್ತಿಗೀತೆ ಆ ಪಟ್ಟಿಯ ಎರಡನೇ ಸ್ಥಾನಕ್ಕೆ ಏರಿತು. ರಾಕ್ ಅಂಡ್ ರೋಲ್‌ನ ಮೊದಲ ರೆಕಾರ್ಡ್ ಅದೇ ಅಂತ ವಾದಿಸುವವರು ಈಗಲೂ ಇದ್ದಾರೆ. 1949ರಲ್ಲಿ, ಆಗ ಅಲ್ಲಿ ಬರಹಗಾರರಾಗಿದ್ದ ಜೆರ್ರಿ ವೆಕ್ಸ್‌ಲರ್ ಸೂಚಿಸಿದ ‘ರಿದಮ್ ಅಂಡ್ ಬ್ಲೂಸ್’ ಅನ್ನುವ ಹೆಸರು ಬಂತು. ಹೆಸರು ಮರ್ಯಾದೆಯದಾಯಿತು. ಲೆಕ್ಕದ ಪುಸ್ತಕ ಮಾತ್ರ ಬೇರೆಯಾಗಿಯೇ ಉಳಿಯಿತು. ಮುಂದೆ ಶ್ರೇಷ್ಠರನ್ನು ಹುಡುಕಲು ಕೂತವರಲ್ಲಿ ಹೆಚ್ಚಿನವರು ತೆರೆದಿದ್ದು ದೊಡ್ಡ ಪುಸ್ತಕವನ್ನೇ, ಪಕ್ಕದ್ದನ್ನಲ್ಲ ಅಂತ ನನಗೆ ಅನ್ನಿಸುತ್ತದೆ.

1958ರ ಆಗಸ್ಟ್ 4ರಂದು ಬಿಲ್‌ಬೋರ್ಡಿನ ಹಾಟ್ 100 ಬಂತು. ಮಾರಾಟ, ರೇಡಿಯೋ, ಜ್ಯೂಕ್‌ಬಾಕ್ಸ್ ಎಲ್ಲ ಸೇರಿದ ಒಂದೇ ಪಟ್ಟಿ. ರೇಡಿಯೋ ಲೆಕ್ಕಕ್ಕೆ ಬಂದ ಮೇಲೆ ರೇಡಿಯೋದಲ್ಲಿ ಹಾಡು ಹಾಕುವವರ ಕೈಗೂ ಬೆಲೆ ಬಂತು. ಕಂಪನಿಗಳಿಂದ ಗುಟ್ಟಾಗಿ ದುಡ್ಡು ತಗೊಂಡು ಹಾಡು ಹಾಕುತ್ತಿದ್ದುದು 1959ರ ಹೊತ್ತಿಗೆ ದೊಡ್ಡ ಹಗರಣವಾಯಿತು. ಮರುವರ್ಷ ಅದರ ವಿರುದ್ಧ ಕಾನೂನೇ ಬಂತು.

ಆದರೆ ನನ್ನ ಕಣ್ಣು ತೆರೆಸಿದ್ದು 1991. ಅಲ್ಲಿಯವರೆಗೆ ಬಿಲ್‌ಬೋರ್ಡಿನ ಆಲ್ಬಂ ಪಟ್ಟಿ ತಯಾರಾಗುತ್ತಿದ್ದುದು ಅಂಗಡಿಯವರು ಹೇಳಿದ ಮಾತಿನ ಮೇಲೆ. ಈ ವಾರ ಏನು ಚೆನ್ನಾಗಿ ಹೋಯಿತು ಅಂತ ಕೇಳುವುದು, ಅವರು ನೆನಪಿಗೆ ಬಂದಷ್ಟು ಹೇಳುವುದು. ತಮಗೆ ಇಷ್ಟವಾದದ್ದನ್ನು ಒಂದೆರಡು ಮೆಟ್ಟಿಲು ಮೇಲೆ ಹೇಳಿದರೂ ಕೇಳುವವರಿರಲಿಲ್ಲ. ಮೇ 25ರ ಸಂಚಿಕೆಯಿಂದ ಸೌಂಡ್‌ಸ್ಕ್ಯಾನ್ ಬಂತು. ಗಲ್ಲಾದಲ್ಲಿ ಬಾರ್‌ಕೋಡ್ ಬಡಿದಾಗ ಬಿದ್ದ ಲೆಕ್ಕವೇ ಲೆಕ್ಕ. ಜೂನ್‌ನಲ್ಲಿ ಎನ್‌ಡಬ್ಲ್ಯುಎ ಅನ್ನುವ ರ‍್ಯಾಪ್ ತಂಡದ ಆಲ್ಬಂ ಮೊದಲ ಸ್ಥಾನಕ್ಕೆ ಬಂತು. ಸೆಪ್ಟೆಂಬರಿನಲ್ಲಿ ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತದ ಹಾಡುಗಾರ ಗಾರ್ತ್ ಬ್ರೂಕ್ಸ್ ಆಲ್ಬಂ ನೇರವಾಗಿ ನಂಬರ್ ಒನ್ ಆಗಿಯೇ ಪಟ್ಟಿಗೆ ಕಾಲಿಟ್ಟಿತು. ಕಂಟ್ರಿ ಆಲ್ಬಂ ಒಂದು ಹಾಗೆ ಬಂದಿದ್ದು ಅದೇ ಮೊದಲು.

ಜನರ ರುಚಿ ನಾಲ್ಕು ತಿಂಗಳಲ್ಲಿ ಹೀಗೆ ತಿರುಗಿತೇ? ಖಂಡಿತ ಇಲ್ಲ. ರ‍್ಯಾಪ್ ಕೇಳುವವರು, ಕಂಟ್ರಿ ಕೇಳುವವರು ಮೊದಲಿಂದಲೂ ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಎಣಿಸುವವರ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ. ‘ಇವರಿಗೆ ಇಷ್ಟು ನಂಬರ್ ಒನ್, ಅವರಿಗೆ ಅಷ್ಟೇ’ ಅಂತ ಯಾರಾದರೂ ವಾದಕ್ಕೆ ಬಂದರೆ ನಾನು ಮೊದಲು ಇಸವಿ ಕೇಳುತ್ತೇನೆ. ಇನ್ನೂ ಒಂದು ಉದಾಹರಣೆ ಇದೆ. ಸಿಂಗಲ್ ಆಗಿ, ಅಂದರೆ ಆಲ್ಬಂನಿಂದ ಬೇರೆಯಾಗಿ ಬಿಡಿ ರೆಕಾರ್ಡ್ ಆಗಿ, ಅಂಗಡಿಗೆ ಬಾರದ ಹಾಡಿಗೆ 1998ರ ಡಿಸೆಂಬರ್‌ವರೆಗೆ ಹಾಟ್ 100ರಲ್ಲಿ ಜಾಗವೇ ಇರಲಿಲ್ಲ. ನೋ ಡೌಟ್ ತಂಡದ ‘ಡೋಂಟ್ ಸ್ಪೀಕ್’ 16 ವಾರ ರೇಡಿಯೋ ಪಟ್ಟಿಯ ತುದಿಯಲ್ಲಿತ್ತು. ಹಾಟ್ 100ರ ಇತಿಹಾಸದಲ್ಲಿ ಹುಡುಕಿದರೆ ಆ ಹಾಡು ಸಿಗುವುದಿಲ್ಲ.

ಮಾರಾಟದ ಲೆಕ್ಕ ಒಂದು ದಾರಿಯಾದರೆ, ಅಭಿಪ್ರಾಯದ ಲೆಕ್ಕ ಇನ್ನೊಂದು. ಜಾಝ್ ಪತ್ರಿಕೆ ಡೌನ್‌ಬೀಟ್ 1936ರಿಂದಲೇ ಓದುಗರ ಮತ ಕೇಳುತ್ತಿತ್ತು. ನ್ಯೂಯಾರ್ಕಿನ ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ ವಿಮರ್ಶಕ ರಾಬರ್ಟ್ ಕ್ರಿಸ್ಟ್‌ಗೌ 1971ರಲ್ಲಿ ಶುರುಮಾಡಿದ ಪದ್ಧತಿ ನನಗೆ ಬಹಳ ಇಷ್ಟ. ಒಬ್ಬೊಬ್ಬ ವಿಮರ್ಶಕನ ಕೈಗೂ 100 ಅಂಕ. ಅದನ್ನು 10 ಆಲ್ಬಂಗಳಿಗೆ ಹಂಚಬೇಕು. ಒಂದಕ್ಕೆ 30ಕ್ಕಿಂತ ಜಾಸ್ತಿ ಇಲ್ಲ, 5ಕ್ಕಿಂತ ಕಡಿಮೆ ಇಲ್ಲ. ಎಷ್ಟು ಇಷ್ಟ ಅನ್ನುವುದನ್ನೂ ಹೇಳಲು ಅಲ್ಲಿ ಜಾಗವಿತ್ತು.

ಬರೀ ಸ್ಥಾನಗಳನ್ನು ಕೂಡಿಸುವ ಲೆಕ್ಕದಲ್ಲಿ ಈ ಪ್ರೀತಿ ಎಲ್ಲಿ ಸೋರಿಹೋಗುತ್ತದೆ ಅಂತ ಒಮ್ಮೆ ಹಾಳೆಯ ಮೇಲೆ ಬರೆದು ನೋಡಿ. ಹತ್ತು ಜನ ಮತ ಹಾಕುತ್ತಾರೆ ಅಂದುಕೊಳ್ಳೋಣ, ಪ್ರತಿಯೊಬ್ಬರದೂ 50 ಹೆಸರು. ಮೊದಲ ಸ್ಥಾನಕ್ಕೆ 50 ಅಂಕ, ಕೊನೆಯದಕ್ಕೆ 1. ಒಬ್ಬ ಹಾಡುಗಾರ್ತಿಯನ್ನು ಇಬ್ಬರು ತಲೆಯ ಮೇಲೆ ಹೊತ್ತು ಒಂದನೇ ಸ್ಥಾನ ಕೊಟ್ಟರು, ಉಳಿದವರು ಬರೆಯಲಿಲ್ಲ. ಆಕೆಗೆ 100 ಅಂಕ. ಇನ್ನೊಬ್ಬರನ್ನು ಹತ್ತೂ ಜನ 30ನೇ ಸ್ಥಾನದಲ್ಲಿ ಬರೆದರು. ತಲಾ 21ರಂತೆ 210. ಯಾರೂ ಹುಚ್ಚರಂತೆ ಪ್ರೀತಿಸದ ಹೆಸರು ಎರಡು ಪಟ್ಟು ಮುಂದೆ! ದೊಡ್ಡ ಪಟ್ಟಿಗಳ ಮೇಲಿನ ಸಾಲಿನಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರುಗಳೇ ಸಿಗುವುದಕ್ಕೆ ಇದೂ ಒಂದು ಕಾರಣ.

ಮತ ಹಾಕುವವರು ಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ರೋಲಿಂಗ್ ಸ್ಟೋನ್ ಪಟ್ಟಿಗಳೇ ಸಾಕು. 2003ರ ಶ್ರೇಷ್ಠ 500 ಆಲ್ಬಂಗಳಲ್ಲಿ ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್’ ಮೊದಲನೆಯದು. 2020ರಲ್ಲಿ 300ಕ್ಕೂ ಹೆಚ್ಚು ಜನರನ್ನು ಹೊಸದಾಗಿ ಕೇಳಿದಾಗ ಅದು 24ಕ್ಕೆ ಇಳಿಯಿತು, ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಮೇಲೆ ಬಂತು. ಒಂದು 1967ರ ಆಲ್ಬಂ, ಇನ್ನೊಂದು 1971ರದು. ಎರಡೂ ಹಾಗೇ ಇವೆ.

ಗಿಟಾರ್ ಪಟ್ಟಿಯದು ಇನ್ನೂ ಸ್ಪಷ್ಟ. ಬ್ಲೂಸ್ ಹಾಡುಗಾರ ರಾಬರ್ಟ್ ಜಾನ್ಸನ್ 1936 ಮತ್ತು 1937ರಲ್ಲಿ ಮುದ್ರಿಸಿದ್ದು 29 ಹಾಡು. ಮರುವರ್ಷ 27ನೇ ವಯಸ್ಸಿಗೆ ತೀರಿಕೊಂಡರು. 2003ರ ಪಟ್ಟಿಯಲ್ಲಿ ಅವರು ಐದನೆಯವರು. 2011ರಲ್ಲಿ 71ನೆಯವರು. ಮೊದಲ ಪಟ್ಟಿ ಡೇವಿಡ್ ಫ್ರಿಕ್ ಅನ್ನುವ ಒಬ್ಬ ವಿಮರ್ಶಕರ ಆಯ್ಕೆ. ಎರಡನೆಯದು ಗಿಟಾರ್ ವಾದಕರು, ತಜ್ಞರು ಸೇರಿ ಹಾಕಿದ ಮತ. ಒಬ್ಬರ ಕಿವಿಯಿಂದ ಹಲವರ ಕಿವಿಗೆ ಹೋಗುವಾಗ 66 ಸ್ಥಾನದ ವ್ಯತ್ಯಾಸ. ಹೀಗಿರುವಾಗ ಪಟ್ಟಿಯ ಮೇಲೆ ಮತ ಹಾಕಿದವರ ಹೆಸರನ್ನೂ ನಂಬರಿನಷ್ಟೇ ದಪ್ಪ ಅಕ್ಷರದಲ್ಲಿ ಹಾಕಬೇಕು ಅಲ್ವಾ?

ಸಂಗೀತಗಾರರನ್ನು ಆರಿಸಿ ಗೌರವಿಸುವ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನದು ನಂಬರ್ ಇಲ್ಲದ ಪಟ್ಟಿ. ಒಳಗೆ ಅಥವಾ ಹೊರಗೆ, ಎರಡೇ. 1986ರ ಮೊದಲ ತಂಡದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಗಾಯಕಿ ಅರೆಥಾ ಫ್ರಾಂಕ್ಲಿನ್ ಮರುವರ್ಷ ಬಂದರು. ಆದಿಯಲ್ಲೇ ಪ್ರಭಾವ ಬೀರಿದವರು ಅನ್ನುವ ವಿಭಾಗದಲ್ಲಿ ರಾಬರ್ಟ್ ಜಾನ್ಸನ್‌ಗೆ 1986ರಲ್ಲೇ ಜಾಗ ಸಿಕ್ಕಿತು. ಅದೇ ವಿಭಾಗಕ್ಕೆ ಥಾರ್ಪ್ ಬಂದಿದ್ದು 2018ರಲ್ಲಿ. 32 ವರ್ಷ ತಡವಾಗಿ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಈಗೀಗ ಪಟ್ಟಿಗಳ ಬಾಗಿಲು ಸ್ವಲ್ಪ ಅಗಲವಾಗಿದೆ. ರೋಲಿಂಗ್ ಸ್ಟೋನ್ ಪತ್ರಿಕೆಯ 2023ರ 200 ಶ್ರೇಷ್ಠ ಗಾಯಕರ ಪಟ್ಟಿಯಲ್ಲಿ ಈಜಿಪ್ಟಿನ ಉಮ್ಮ್ ಕುಲ್ಸುಮ್ 61ನೆಯವರು, ಲತಾ ಮಂಗೇಶ್ಕರ್ 84ನೆಯವರು, ನುಸ್ರತ್ ಫತೇ ಅಲಿ ಖಾನ್ 91ನೆಯವರು. ಕೆನಡಾದ ಗಾಯಕಿ ಸೆಲೀನ್ ಡಿಯಾನ್ ಇರಲೇ ಇಲ್ಲ. ಅವರ ಅಭಿಮಾನಿಗಳು ನ್ಯೂಯಾರ್ಕಿನಲ್ಲಿ ಪತ್ರಿಕೆಯ ಕಚೇರಿ ಮುಂದೆ ಹೋಗಿ ಹಾಡಿ ಪ್ರತಿಭಟಿಸಿದರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಲತಾ ಅವರ 84 ನೋಡಿದಾಗ ನನಗೆ ಬೇರೆ ಯೋಚನೆ ಬಂತು. ಹಾಡಿನ ಮಾತೇ ತಿಳಿಯದ ಎಷ್ಟು ಜನ ಸೇರಿ ಆ ಸ್ಥಾನ ಕೊಟ್ಟಿರಬಹುದು? 83ನೆಯವರಿಗೂ ಅವರಿಗೂ ನಡುವಿನ ಒಂದು ಅಂಕಿ ಏನನ್ನು ಅಳೆಯುತ್ತದೆ? ನನ್ನ ಪ್ರಕಾರ ಏನನ್ನೂ ಇಲ್ಲ. ಹೆಸರು ಅಲ್ಲಿದೆ ಅನ್ನುವುದಕ್ಕೆ ಮಾತ್ರ ಅರ್ಥವಿದೆ, ಯಾಕೆಂದರೆ ಅದನ್ನು ನೋಡಿ ಯಾರೋ ಮೊದಲ ಸಲ ಹಾಡು ಹಚ್ಚಿ ಕೇಳುತ್ತಾರೆ.

ಥಾರ್ಪ್ ನನಗೆ ಸಿಕ್ಕಿದ್ದೂ ಪಟ್ಟಿಯಿಂದಲೇ, ಆದರೆ ತಲೆಕೆಳಗಾದ ರೀತಿಯಲ್ಲಿ. 2011ರ ಪಟ್ಟಿ ಓದಿ ಸಿಟ್ಟಾಗಿದ್ದ ಗೆಳೆಯನೊಬ್ಬ ‘ಇವರೆಲ್ಲಿ?’ ಅಂತ ಕೇಳುತ್ತಾ ಆ ರೈಲ್ವೇ ಸ್ಟೇಷನ್ನಿನ ವಿಡಿಯೋ ತೋರಿಸಿದ. ಅವತ್ತು ಅದನ್ನು ನಾಲ್ಕು ಸಲ ನೋಡಿದೆ. ಆಮೇಲೆ ಅವರ ಬಗ್ಗೆ ಓದುತ್ತಾ ಹೋದಾಗ ಗೊತ್ತಾಯಿತು, ಫಿಲಡೆಲ್ಫಿಯಾದಲ್ಲಿ ಅವರನ್ನು ಮಣ್ಣು ಮಾಡಿದ ಜಾಗದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಹೆಸರು ಕೆತ್ತಿದ ಒಂದು ಕಲ್ಲೂ ಇರಲಿಲ್ಲ ಅಂತ. 2008ರಲ್ಲಿ ಅವರ ಸಂಗೀತವನ್ನು ಪ್ರೀತಿಸುವವರೇ ಸೇರಿ ಒಂದು ಸಂಗೀತ ಕಾರ್ಯಕ್ರಮ ನಡೆಸಿದರು. ಬಂದ ಹಣದಿಂದ ಕಲ್ಲು ನೆಟ್ಟರು. ಆ ಕಾರ್ಯಕ್ರಮದ ಹೊತ್ತಿಗೆ ಹಾಲ್ ಆಫ್ ಫೇಮ್‌ಗೆ ಇನ್ನೂ ಹತ್ತು ವರ್ಷವಿತ್ತು. ಆರನೇ ಸ್ಥಾನಕ್ಕೆ ಹದಿನೈದು.